ಓದುಗರ ಪ್ರಶ್ನೆ, ನಮ್ಮ ಉತ್ತರ: ಹಂಪಿಗೆ ಜನ ಮರಳಿದಾಗ ಪಂಚಾಯಿತಿಯ ಪಾಲಿನ ಕೆಲಸ

ಪ್ರಶ್ನೆ: ಕೋವಿಡ್‌ನಿಂದ ನೆಲಕಚ್ಚಿದ ಪ್ರವಾಸೋದ್ಯಮವನ್ನು ಮೇಲೆತ್ತುವುದು ಕೇಂದ್ರ ಮತ್ತು ರಾಜ್ಯ ಸರ್ಕಾರಗಳ ಹೊಣೆ ಎಂದೇ ಎಲ್ಲರೂ ಹೇಳುತ್ತಾರೆ. ಹಂಪಿ, ಆನೆಗೊಂದಿಯಂಥ ಊರುಗಳಲ್ಲಿ ಗ್ರಾಮ ಪಂಚಾಯಿತಿ ಮಾಡಬಹುದಾದದ್ದು ಏನಾದರೂ ಇತ್ತೇ? (ಗಂಗಾವತಿಯ ಓದುಗರು)

ಉತ್ತರ: ಇತ್ತು, ಈಗಲೂ ಇದೆ. ಸಂವಿಧಾನದ ಹನ್ನೊಂದನೆಯ ಅನುಸೂಚಿಯಲ್ಲಿ ಪಂಚಾಯಿತಿಗಳಿಗೆ ವಹಿಸಬಹುದಾದ 29 ವಿಷಯಗಳಿವೆ. ಅವುಗಳಲ್ಲಿ ಪ್ರವಾಸೋದ್ಯಮದ ಹೆಸರಿಲ್ಲ. ಆದ್ದರಿಂದ ‘ಇದು ನಮ್ಮ ವ್ಯಾಪ್ತಿಗೆ ಬರುವುದಿಲ್ಲ’ ಎನ್ನುವ ಪಂಚಾಯಿತಿ ಸುಳ್ಳು ಹೇಳುತ್ತಿಲ್ಲ. ಆದರೆ ಕುಡಿಯುವ ನೀರು, ನೈರ್ಮಲ್ಯ, ರಸ್ತೆ, ಸಂತೆ-ಜಾತ್ರೆ, ಗುಡಿ ಕೈಗಾರಿಕೆ ಇವೆಲ್ಲ ಅದೇ ಪಟ್ಟಿಯಲ್ಲಿವೆ, ಮತ್ತು ಬಸ್ಸಿಳಿದ ಪ್ರವಾಸಿ ಮೊದಲು ಹುಡುಕುವುದು ಶಿಲ್ಪಕಲೆಯನ್ನಲ್ಲ, ನೀರು ಮತ್ತು ಶೌಚಾಲಯವನ್ನು.

ಹಂಪಿಯಲ್ಲಿ ನಡೆದದ್ದನ್ನೇ ನೋಡೋಣ. 2020ರ ಮಾರ್ಚ್‌ನಲ್ಲಿ ಮುಚ್ಚಿದ ಸ್ಮಾರಕಗಳು ಜುಲೈನಲ್ಲಿ ತೆರೆದವು. 2021ರ ಏಪ್ರಿಲ್ ಮಧ್ಯದಲ್ಲಿ ಮತ್ತೆ ಮುಚ್ಚಿ ಜೂನ್ ಮಧ್ಯದಲ್ಲಿ ತೆರೆದವು. ವಿದೇಶಿಯರಿಗೆ ಪ್ರವಾಸಿ ವೀಸಾ ಮತ್ತೆ ಸಿಗತೊಡಗಿದ್ದು 2021ರ ಅಕ್ಟೋಬರ್-ನವೆಂಬರ್‌ನಲ್ಲಿ, ನಿಯಮಿತ ಅಂತರರಾಷ್ಟ್ರೀಯ ವಿಮಾನಗಳು ಪುನರಾರಂಭವಾದದ್ದು 2022ರ ಮಾರ್ಚ್ 27ರಂದು. ಅಂದರೆ ಅಕ್ಟೋಬರಿನಿಂದ ಮಾರ್ಚ್‌ವರೆಗಿನ ಹಂಗಾಮನ್ನೇ ನಂಬಿ ಕೋಣೆ, ಸೈಕಲ್ಲು ಬಾಡಿಗೆಗೆ ಕೊಡುತ್ತಿದ್ದವರು ಒಂದು ಹಂಗಾಮನ್ನು ಪೂರ್ತಿಯಾಗಿ, ಮತ್ತೊಂದನ್ನು ಬಹುಪಾಲು ಕಳೆದುಕೊಂಡರು.

ಮೊದಲು ಮರಳಿದವರು ನಮ್ಮ ನಾಡಿನವರೇ. ಅವರು ಸ್ವಂತ ವಾಹನದಲ್ಲಿ ಶನಿವಾರ ಬಂದು ಭಾನುವಾರ ಹೊರಡುವವರು, ಇಲ್ಲವೇ ಆನೆಗೊಂದಿ ಬಳಿಯ ಅಂಜನಾದ್ರಿ ಬೆಟ್ಟದ 575 ಮೆಟ್ಟಿಲು ಹತ್ತಿ ಸಂಜೆಯೊಳಗೆ ಊರು ಸೇರುವ ಭಕ್ತರು. ವಾರಗಟ್ಟಲೆ ತಂಗುತ್ತಿದ್ದ ವಿದೇಶಿಯನ ಅಗತ್ಯ ಬೇರೆ, ಒಂದೇ ದಿನಕ್ಕೆ ಬರುವ ಸಂಸಾರವಂದಿಗನ ಅಗತ್ಯ ಬೇರೆ: ಅವನಿಗೆ ವಾಹನ ನಿಲ್ಲಿಸಲು ಜಾಗ, ನೆರಳು, ನೀರು, ಹೆಂಗಸರು ಹಿಂಜರಿಯದೆ ಒಳಹೋಗಬಹುದಾದ ಶೌಚಾಲಯ ಬೇಕು. 2022-23ರ ರಾಜ್ಯ ಬಜೆಟ್‌ನಲ್ಲಿ ಅಂಜನಾದ್ರಿಯ ಅಭಿವೃದ್ಧಿಗೆ 100 ಕೋಟಿ ರೂಪಾಯಿ ಪ್ರಕಟವಾಯಿತು. ಆದರೆ ಯಾವ ಬಜೆಟ್ಟೂ ಬೆಳಿಗ್ಗೆ ಎದ್ದು ಕಸ ಗುಡಿಸುವುದಿಲ್ಲ.

ಹಣವೇ ಇಲ್ಲ ಎಂಬ ಮಾತು ಅರ್ಧ ಸತ್ಯ. ಕೇಂದ್ರದ ಹದಿನೈದನೆಯ ಹಣಕಾಸು ಆಯೋಗವು 2021-22ರಿಂದ 2025-26ರವರೆಗೆ ಗ್ರಾಮೀಣ ಸ್ಥಳೀಯ ಸಂಸ್ಥೆಗಳಿಗೆ ಶಿಫಾರಸು ಮಾಡಿದ ಅನುದಾನದಲ್ಲಿ ಶೇ 60ರಷ್ಟು ನೀರು ಮತ್ತು ನೈರ್ಮಲ್ಯಕ್ಕೇ ಮೀಸಲಾಗಿತ್ತು. ಉಳಿದರ್ಧ ಸತ್ಯವೇನೆಂದರೆ, ಅನುದಾನ ಹಂಚುವಾಗ ಮುಖ್ಯವಾಗಿ ಎಣಿಸುವುದು ಊರಿನ ನಿವಾಸಿಗಳನ್ನು. ರಜಾ ದಿನ ಬಂದು ಕಸ ಬಿಟ್ಟುಹೋಗುವ ಸಾವಿರಾರು ಜನ ಯಾವ ಲೆಕ್ಕಕ್ಕೂ ಸಿಗುವುದಿಲ್ಲ. ಸ್ಮಾರಕಗಳ ಪ್ರವೇಶ ಶುಲ್ಕವಂತೂ ಪುರಾತತ್ವ ಇಲಾಖೆಯ ಮೂಲಕ ಕೇಂದ್ರಕ್ಕೆ ಸೇರುತ್ತದೆ. ಅದರಲ್ಲೊಂದು ಪಾಲು ಪಂಚಾಯಿತಿಗೆ ಬರಬೇಕೆಂಬುದು ಈ ಅಂಕಣಕಾರನ ಅಭಿಪ್ರಾಯ.

ಇನ್ನೊಂದು ತೊಡಕು ನದಿಯದು. ತುಂಗಭದ್ರೆಯ ಈ ದಡದ ಹಂಪಿ 2021ರಲ್ಲಿ ರಚನೆಯಾದ ವಿಜಯನಗರ ಜಿಲ್ಲೆಗೆ ಸೇರಿದೆ, ಆ ದಡದ ಆನೆಗೊಂದಿ ಕೊಪ್ಪಳ ಜಿಲ್ಲೆಗೆ. ಎರಡೂ ದಡಗಳನ್ನು ಒಟ್ಟಿಗೆ ನೋಡಿ ಮಾತನಾಡಬೇಕಾದ ಜಿಲ್ಲಾ ಪಂಚಾಯಿತಿಗಳ ಅವಧಿ 2021ರಲ್ಲಿ ಮುಗಿಯಿತು, ಚುನಾವಣೆ ನಡೆಯಲಿಲ್ಲ. ಚೇತರಿಕೆಯ ವರ್ಷಗಳಲ್ಲಿ ಪಂಚಾಯಿತಿ ವ್ಯವಸ್ಥೆಯಲ್ಲಿ ಚುನಾಯಿತರಾಗಿ ಇದ್ದವರು 2020ರ ಡಿಸೆಂಬರಿನಲ್ಲಿ ಗೆದ್ದುಬಂದ ಗ್ರಾಮ ಪಂಚಾಯಿತಿ ಸದಸ್ಯರು ಮಾತ್ರ.

ಪ್ರಶ್ನೆ: ಪರಿಹಾರ, ಸಾಲ ಎಂದೆಲ್ಲ ಪ್ರಕಟವಾದರೂ ಹರಿಗೋಲು ನಡೆಸುವವರಿಗೆ, ಎಳನೀರು ಮಾರುವವರಿಗೆ ಅದು ತಲುಪಲಿಲ್ಲವೇಕೆ? (ಹೊಸಪೇಟೆಯ ಓದುಗರು)

ಉತ್ತರ: ದಾಖಲೆಯಲ್ಲಿ ಹೆಸರಿಲ್ಲದವರಿಗೆ ಪರಿಹಾರ ಸಿಗುವುದು ಕಷ್ಟ. 2021ರ ಜೂನ್‌ನಲ್ಲಿ ಕೇಂದ್ರವು ಪ್ರಕಟಿಸಿದ 1 ಲಕ್ಷ ರೂಪಾಯಿವರೆಗಿನ ಸಾಲ ಪರವಾನಗಿ ಪಡೆದ ಮಾರ್ಗದರ್ಶಿಗಳಿಗೆ ಮೀಸಲಾಗಿತ್ತು. 2020ರ ಪಿಎಂ ಸ್ವನಿಧಿ ಯೋಜನೆಯಲ್ಲಿ ಬೀದಿಬದಿ ವ್ಯಾಪಾರಿಗೆ ಮೊದಲ ಕಂತಾಗಿ 10,000 ರೂಪಾಯಿ ಸಾಲವಿತ್ತು. ಆದರೆ ಅದು ನಗರ ಸ್ಥಳೀಯ ಸಂಸ್ಥೆ ಕೊಡುವ ಗುರುತಿನ ಚೀಟಿ ಅಥವಾ ಶಿಫಾರಸು ಪತ್ರವನ್ನು ಆಧರಿಸಿತ್ತು. ಹೊಸಪೇಟೆಯ ವ್ಯಾಪಾರಿಗೆ ನಗರಸಭೆಯಿದೆ. ಗ್ರಾಮ ಪಂಚಾಯಿತಿ ವ್ಯಾಪ್ತಿಯಲ್ಲಷ್ಟೇ ವ್ಯಾಪಾರ ಮಾಡುವವನಿಗೆ ಆಗ ಆ ಬಾಗಿಲಿರಲಿಲ್ಲ. ಅವನಿಗೆ ಉಳಿದದ್ದು ಉದ್ಯೋಗ ಖಾತ್ರಿ. 2021-22ರಲ್ಲಿ ರಾಜ್ಯದಲ್ಲಿ ಅದರ ದಿನಗೂಲಿ 289 ರೂಪಾಯಿ, ಮತ್ತು ಕೆಲಸ ಕೊಡುವ ಅಧಿಕಾರ ಪಂಚಾಯಿತಿಯದೇ ಆಗಿತ್ತು. ಹರಿಗೋಲಿನವರು, ಎಳನೀರಿನವರು, ತಳ್ಳುಗಾಡಿಯವರು, ಮನೆಯಲ್ಲಿ ಕೋಣೆ ಬಾಡಿಗೆಗೆ ಕೊಡುವವರು ಯಾರು ಯಾರು ಎಂಬ ಪಟ್ಟಿಯನ್ನು ಗ್ರಾಮಸಭೆಯಲ್ಲಿ ಓದಿ ಇಟ್ಟುಕೊಳ್ಳಲು ಪಂಚಾಯಿತಿಗೆ ಯಾರ ಅಪ್ಪಣೆಯೂ ಬೇಕಿಲ್ಲ, ಖರ್ಚೂ ಹೆಚ್ಚಿಲ್ಲ.

ಪ್ರಶ್ನೆ: ಯಾತ್ರಿಕರಿಂದ ಪಂಚಾಯಿತಿ ಶುಲ್ಕ ಪಡೆಯಬಹುದೇ? (ಕೊಪ್ಪಳದ ಓದುಗರು)

ಉತ್ತರ: 1993ರ ಪಂಚಾಯತ್ ರಾಜ್ ಅಧಿನಿಯಮವು ಜಾತ್ರೆ, ಉತ್ಸವಗಳಿಗೆ ಬರುವವರಿಂದ ಯಾತ್ರಿಕ ಶುಲ್ಕ ಪಡೆಯಲು ಗ್ರಾಮ ಪಂಚಾಯಿತಿಗೆ ಅವಕಾಶ ನೀಡಿದೆ, ನೀರು, ಆರೋಗ್ಯ, ನೈರ್ಮಲ್ಯದ ವ್ಯವಸ್ಥೆಯನ್ನು ಪಂಚಾಯಿತಿ ಮಾಡಿರಬೇಕೆಂಬುದು ಷರತ್ತು. ವಾಹನ ನಿಲ್ದಾಣದ ಶುಲ್ಕಕ್ಕೂ ಸೌಕರ್ಯ ಒದಗಿಸಿರಬೇಕೆಂಬ ಇಂಥದೇ ಕಟ್ಟು ಇದೆ. ಆದ್ದರಿಂದ ಮೊದಲು ನಲ್ಲಿ, ಆಮೇಲೆ ರಸೀದಿ.