ಖಾಲಿ ಏಜ್ ಎಲಿಮೆಂಟ್ ಎಕ್ಸ್‌ಎಮ್‌ಎಲ್‌ಗೆ ಬರದಂತೆ ಮಾಡಲು

ನಿಮ್ಮ ಡಾಟ್‌ನೆಟ್ ಕ್ಲಾಸನ್ನು ಎಕ್ಸ್‌ಎಮ್‌ಎಲ್ ಆಗಿ ಬರೆಯುವಾಗ, ಅದರ ಏಜ್ ಪ್ರಾಪರ್ಟಿಯಲ್ಲಿ ಏನೂ ಇಲ್ಲದಿದ್ದರೂ 'ನಿಲ್ ಟ್ರೂ' (ಅಂದರೆ ಖಾಲಿ) ಅಂತ ಎಲಿಮೆಂಟ್ ಬರುತ್ತಿದೆ ಅಂದಿರಿ, ಅಲ್ವಾ? ಆ ಪ್ರಾಪರ್ಟಿ ನಲ್ಲಬಲ್ ಇಂಟ್, ಅಂದರೆ ಖಾಲಿ (ನಲ್) ಕೂಡ ಇರಬಹುದಾದ ಪೂರ್ಣಾಂಕ, ಆಗಿರಬಹುದು. ಕ್ಲಾಸ್ ಕೋಡ್ ಹಾಕಿಲ್ಲವಾದ್ದರಿಂದ ಇದು ನನ್ನ ಊಹೆ. ಡಾಟ್‌ನೆಟ್‌ನಲ್ಲಿ ಆಬ್ಜೆಕ್ಟನ್ನು ಎಕ್ಸ್‌ಎಮ್‌ಎಲ್ ಆಗಿ ಬರೆಯುವ ಎಕ್ಸ್‌ಎಮ್‌ಎಲ್ ಸೀರಿಯಲೈಸರ್ ನಲ್ ಸ್ಟ್ರಿಂಗ್ ಅನ್ನು ಸುಮ್ನೆ ಬಿಟ್ಟುಬಿಡುತ್ತದೆ, ನಲ್ಲಬಲ್ ಇಂಟ್ ಅನ್ನು ಬಿಡುವುದಿಲ್ಲ.

ಅದೇ ಕ್ಲಾಸಿಗೆ 'ಶುಡ್‌ಸೀರಿಯಲೈಸ್‌ಏಜ್' ಅನ್ನೋ ಮೆಥಡ್ ಸೇರಿಸಿ. ಪಬ್ಲಿಕ್ ಆಗಿರಬೇಕು, ಬೂಲ್ ಕೊಡಬೇಕು, ಪ್ಯಾರಾಮೀಟರ್ ಇರಬಾರದು. ಒಳಗೆ ಒಂದೇ ಸಾಲು: ರಿಟರ್ನ್ ಏಜ್ ಡಾಟ್ ಹ್ಯಾಸ್‌ವ್ಯಾಲ್ಯೂ. ಏಜ್ ಖಾಲಿ ಇದ್ದರೆ ಇದು ಫಾಲ್ಸ್ ಕೊಡುತ್ತದೆ, ಆಗ ಸೀರಿಯಲೈಸರ್ ಆ ಎಲಿಮೆಂಟ್ ಬರೆಯುವುದಿಲ್ಲ. ಮೆಥಡ್ ಹೆಸರಿನ ಕೊನೆಯ ಭಾಗ ಪ್ರಾಪರ್ಟಿಯ ಹೆಸರೇ ಆಗಿರಬೇಕು. ದೊಡ್ಡಕ್ಷರ, ಸಣ್ಣಕ್ಷರ ತಪ್ಪಿದರೂ ಎರರ್ ಬರುವುದಿಲ್ಲ, ಆ ಮೆಥಡ್ ಓಡುವುದೇ ಇಲ್ಲ. ನನಗೆ ಜಾಸ್ತಿ ಹೊತ್ತು ಹಿಡಿದದ್ದು ಇದೇ.

ಏಜ್ ಬೇರೆ ಎಲಿಮೆಂಟ್ ಆಗಿ ಅಲ್ಲದೆ ಆಟ್ರಿಬ್ಯೂಟ್ ಆಗಿ, ಅಂದರೆ ಟ್ಯಾಗಿನ ಒಳಗೇ, ಬೇಕಿದ್ದರೆ ಈ ದಾರಿ ಸಾಲದು. ಆಗ ಏಜ್ ಪ್ರಾಪರ್ಟಿಗೆ ಎಕ್ಸ್‌ಎಮ್‌ಎಲ್ ಇಗ್ನೋರ್ (ಇದನ್ನು ಬರೆಯಬೇಡ ಅನ್ನೋ ಗುರುತು) ಹಾಕಿ, ಪಕ್ಕದಲ್ಲಿ ಒಂದು ಸ್ಟ್ರಿಂಗ್ ಪ್ರಾಪರ್ಟಿ ಇಟ್ಟು ಅದನ್ನು ಆಟ್ರಿಬ್ಯೂಟ್ ಮಾಡಿ.