ಬೋರ್ಡು ಕೊಟ್ಟಿದ್ದೇವೆ, ಮಗು ಮುಟ್ಟುವುದೇ ಇಲ್ಲ!

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯದ್ದು. ಬಾಯಿಮಾತು ಬಾರದ, ಅಥವಾ ಬಂದರೂ ಮನೆಯವರಿಗಷ್ಟೇ ತಿಳಿಯುವ ಮಕ್ಕಳು ಶಾಲೆಯಲ್ಲಿ ಚಿತ್ರದ ಬೋರ್ಡು, ಟ್ಯಾಬ್, ಸನ್ನೆ, ಕಣ್ಣೋಟ ಹೀಗೆ ಬೇರೆ ಬೇರೆ ದಾರಿಯಲ್ಲಿ ಮಾತಾಡುವುದು. ಇವೆಲ್ಲಕ್ಕೂ ಸೇರಿಸಿ ಎಎಸಿ, ಅಂದರೆ ಬಾಯಿಮಾತಿಗೆ ಪೂರಕ ಮತ್ತು ಪರ್ಯಾಯ ಸಂವಹನ ಅನ್ನುತ್ತಾರೆ, ಸ್ಪೀಚ್ ಥೆರಪಿಸ್ಟ್ ಹತ್ತಿರ ಹೋಗಿ ಬಂದವರಿಗೆ ಈ ಹೆಸರು ಗೊತ್ತಿರುತ್ತದೆ. ಐದು ಪತ್ರ ಆರಿಸಿಕೊಂಡಿದ್ದೇನೆ. ಮೊದಲನೆಯದಕ್ಕೆ ಜಾಸ್ತಿ ಜಾಗ ಬೇಕು, ಉಳಿದವರು ಬೇಜಾರು ಮಾಡಿಕೊಳ್ಳಬೇಡಿ.

ಪ್ರಶ್ನೆ: ನಮ್ಮದು ಸರ್ಕಾರಿ ಶಾಲೆ. ಈ ವರ್ಷ ಮೂರನೇ ಕ್ಲಾಸಿಗೆ ಸೆರೆಬ್ರಲ್ ಪಾಲ್ಸಿ (ಮೆದುಳಿನ ತೊಂದರೆಯಿಂದ ಮೈ, ಕೈಕಾಲು ಹಿಡಿತಕ್ಕೆ ಸಿಗದ ಸ್ಥಿತಿ) ಇರುವ ಹುಡುಗಿ ಸೇರಿದ್ದಾಳೆ. ಹೇಳಿದ್ದೆಲ್ಲ ಅರ್ಥವಾಗುತ್ತದೆ, ಕಥೆ ಹೇಳಿದರೆ ಸರಿಯಾದ ಜಾಗದಲ್ಲಿ ನಗುತ್ತಾಳೆ, ಮಾತು ಮಾತ್ರ ಇಲ್ಲ. ಅವರಮ್ಮ ಲ್ಯಾಮಿನೇಟ್ ಮಾಡಿದ ಚಿತ್ರದ ಹಾಳೆಯೊಂದನ್ನು ಬ್ಯಾಗಿನಲ್ಲಿಟ್ಟು ಕಳಿಸುತ್ತಾರೆ. ನೀರು, ಊಟ, ಟಾಯ್ಲೆಟ್, ಮನೆ, ನೋವು ಅಂತ ಚಿತ್ರಗಳಿವೆ. ನಾನು ತೆಗೆದು ಮುಂದಿಟ್ಟರೂ ತಾನಾಗಿ ಮುಟ್ಟುವುದಿಲ್ಲ. ಇಷ್ಟೊಂದು ಮಕ್ಕಳ ನಡುವೆ ಏನು ಮಾಡಲಿ?
— ಶಿಕ್ಷಕಿ, ರಾಣೆಬೆನ್ನೂರು ತಾಲ್ಲೂಕು

ಉತ್ತರ: ಮೇಡಂ, ಆ ಹಾಳೆಯನ್ನು ಇನ್ನೊಂದು ಸಲ ನೋಡಿ. ಅದನ್ನಿಟ್ಟುಕೊಂಡು ಕನ್ನಡ ಪಿರಿಯಡ್‌ನಲ್ಲಿ ಅವಳು ಏನು ಹೇಳಬಹುದು? ಏನೂ ಇಲ್ಲ. ಬಾಯಾರಿಕೆ ಆದಾಗ ಮಾತ್ರ ಅದಕ್ಕೆ ಕೆಲಸ, ಆಗಲೂ ಅವಳು ಬಾಟಲಿ ಕಡೆ ನೋಡಿದರೆ ಸಾಕು, ನೀವೇ ಕೊಟ್ಟುಬಿಡುತ್ತೀರಿ. ಮತ್ತೆ ಹಾಳೆ ಯಾಕೆ ಮುಟ್ಟಬೇಕು ಹೇಳಿ. ಎಂಟು ವರ್ಷದ ಹುಡುಗಿಗೆ ಹೇಳಲು ಬೇರೆ ಎಷ್ಟೋ ಇರುತ್ತದೆ. 'ನಂಗೆ ಗೊತ್ತು', 'ಇನ್ನೊಂದ್ಸಲ ಹೇಳಿ', 'ಅವನೇ ಮಾಡಿದ್ದು', 'ಬೋರು'.

ಹಾಗಾಗಿ ಹೊಸ ಬೋರ್ಡು ಮಾಡಿ. ಹೆಸರುಗಳಿಗಿಂತ ದಿನವಿಡೀ ಎಲ್ಲ ಕಡೆ ಬರುವ ಮಾತುಗಳು ಮೊದಲು ಬರಲಿ. ನಾನು, ನೀನು, ಬೇಕು, ಬೇಡ, ಇನ್ನೂ, ಸಾಕು, ಬಾ, ಹೋಗು, ಕೊಡು, ನೋಡು, ಅದು, ಏನು, ಯಾರು, ಯಾಕೆ, ಎಲ್ಲಿ, ಇಷ್ಟ, ಆಯ್ತು, ಗೊತ್ತಿಲ್ಲ. ಇಂಥ ನಲವತ್ತು ಐವತ್ತು ಮಾತು ಒಂದು ಎ4 ಹಾಳೆಯಲ್ಲಿ ಹಿಡಿಸುತ್ತವೆ, ಅವಳ ಕೈ ನಡುಗುತ್ತಿದ್ದರೆ ಚೌಕ ದೊಡ್ಡದು ಮಾಡಿ ಎರಡು ಹಾಳೆ ಮಾಡಿ. ಜೊತೆಗೆ 'ನಾನು ಹೇಳಬೇಕಾದ್ದು ಇದರಲ್ಲಿ ಇಲ್ಲ' ಅನ್ನುವ ಚೌಕ ಒಂದು ಇರಲೇಬೇಕು. ಇದನ್ನು ಹಾಕುವುದನ್ನು ತುಂಬ ಜನ ಮರೆಯುತ್ತಾರೆ. ಅದಿಲ್ಲದೆ ಹೋದರೆ ಮಗು ಇರುವುದರಲ್ಲೇ ಯಾವುದನ್ನೋ ತೋರಿಸುತ್ತದೆ, ನಾವು ಅದನ್ನೇ ನಿಜ ಅಂದುಕೊಳ್ಳುತ್ತೇವೆ. ಒಮ್ಮೆ ಚಿತ್ರಗಳ ಜಾಗ ಗೊತ್ತುಮಾಡಿದ ಮೇಲೆ ಬದಲಾಯಿಸಬೇಡಿ, ಅಂದ ಮಾಡಲು ಅಂತಲೂ ಬೇಡ. 'ಬೇಕು' ಎಲ್ಲಿದೆ ಅನ್ನುವುದು ಕೈಗೆ ರೂಢಿಯಾಗಬೇಕು.

ಈಗ ಮುಖ್ಯ ವಿಷಯ. ಬೋರ್ಡನ್ನು ಮೊದಲು ಬಳಸಬೇಕಾದವರು ನೀವು. ಬಾಯಿಮಾತು ಬರುವ ಮಗು ಕೂಡ ಮೊದಲ ಮಾತಾಡುವ ಮೊದಲು ಒಂದು ವರ್ಷ ಸುಮ್ಮನೆ ಕೇಳಿಸಿಕೊಂಡೇ ಇರುತ್ತದೆ, ಅಲ್ವಾ? ಈ ಹುಡುಗಿಗೆ ಬೋರ್ಡಿನಲ್ಲಿ ಮಾತಾಡಿದವರು ಇಲ್ಲಿವರೆಗೆ ಒಬ್ಬರೂ ಇಲ್ಲ. ನೀವು 'ಎಲ್ಲರೂ ಇಲ್ಲಿ ನೋಡಿ' ಅನ್ನುವಾಗ 'ನೋಡು' ಚೌಕ ಮುಟ್ಟಿ. 'ಸಾಕು, ಪುಸ್ತಕ ಮುಚ್ಚಿ' ಅನ್ನುವಾಗ 'ಸಾಕು' ಮುಟ್ಟಿ. ಪ್ರತಿ ಪದವನ್ನೂ ಮುಟ್ಟಬೇಕಿಲ್ಲ, ವಾಕ್ಯಕ್ಕೆ ಒಂದು ಎರಡು ಸಾಕು. ಅವಳು ತಿರುಗಿ ಮುಟ್ಟಬೇಕು ಅಂತ ಕಾಯಬೇಡಿ, ಕೈ ಹಿಡಿದು ಮುಟ್ಟಿಸಬೇಡಿ. ಇದು ವಾರಗಳ ಕೆಲಸವಲ್ಲ, ತಿಂಗಳುಗಳೇ ಆಗಬಹುದು. ಇದಕ್ಕಾಗಿಯೇ ಅದೇ ಬೋರ್ಡಿನ ದೊಡ್ಡ ಪ್ರತಿಯನ್ನು ಕರಿಹಲಗೆ ಪಕ್ಕ ಗೋಡೆಗೆ ಅಂಟಿಸಿ. ಆಗ ಇಡೀ ಕ್ಲಾಸಿಗೆ ಪಾಠ ಮಾಡುತ್ತಲೇ ಅವಳಿಗೂ ತೋರಿಸಿದಂತಾಗುತ್ತದೆ, ಬೇರೆ ಸಮಯ ಎತ್ತಿಡುವ ಕಷ್ಟ ಇಲ್ಲ. ಮಿಕ್ಕ ಮಕ್ಕಳೂ ತಾವಾಗಿ ಕಲಿತುಬಿಡುತ್ತಾರೆ.

ಒಂದು ಮಾತ್ರ ಮಾಡಬೇಡಿ. 'ನೀರು ಯಾವುದು ತೋರಿಸು ನೋಡೋಣ' ಅಂತ ಪರೀಕ್ಷೆ. ಗೊತ್ತಿರುವುದನ್ನೇ ದಿನಾ ಕೇಳಿದರೆ ಯಾವ ಮಗುವಿಗಾದರೂ ಸಿಟ್ಟು ಬರುತ್ತದೆ. ನಿಜವಾಗಿ ಉತ್ತರ ಬೇಕಾದ ಪ್ರಶ್ನೆ ಕೇಳಿ, ಕೇಳಿದ ಮೇಲೆ ಮನಸ್ಸಿನಲ್ಲೇ ಹತ್ತು ಎಣಿಸುವವರೆಗೆ ಬಾಯಿ ಮುಚ್ಚಿಕೊಂಡಿರಿ. ನಮ್ಮಂಥ ವಾಚಾಳಿಗಳಿಗೆ ಇದೇ ಕಷ್ಟದ ಭಾಗ!

ಕೈಯೇ ಸರಿಯಾಗಿ ಏಳದಿದ್ದರೆ? 'ಹೌದು'ಗೆ ಒಂದು ಗುರುತು ಸಾಕು, ಕಣ್ಣು ಮೇಲೆತ್ತುವುದೋ ತಲೆ ಬಾಗಿಸುವುದೋ, ಅವಳಿಗೆ ಸುಲಭವಾದದ್ದು. 'ಇಲ್ಲ'ಕ್ಕೆ ಇನ್ನೊಂದು. ಆಮೇಲೆ ನೀವು ಬೋರ್ಡನ್ನು ಸಾಲು ಸಾಲಾಗಿ ಓದುತ್ತಾ ಹೋಗಿ, ಬೇಕಾದ್ದು ಬಂದಾಗ ಅವಳು 'ಹೌದು' ಗುರುತು ಮಾಡಿ ತಡೆಯುತ್ತಾಳೆ. ಇಲ್ಲಿ ನಮ್ಮ ವರ್ಣಮಾಲೆ ಒಳ್ಳೆ ಸಹಾಯ ಮಾಡುತ್ತದೆ. ವರ್ಗೀಯ ವ್ಯಂಜನ 25, ಐದು ಸಾಲು, ಸಾಲಿಗೆ ಐದು. 'ಕ ಸಾಲಾ? ಚ ಸಾಲಾ? ಟ ಸಾಲಾ?' ಅಂತ ಕೇಳಿ, ಅವಳು ಹೌದು ಅಂದ ಸಾಲಿನಲ್ಲಿ ಒಂದೊಂದೇ ಅಕ್ಷರ ಹೇಳಿ. ಕಾಗುಣಿತ, ಒತ್ತಕ್ಷರದ ತಲೆಬಿಸಿ ಈಗಲೇ ಬೇಡ, ಮೊದಲ ಅಕ್ಷರ ಸಿಕ್ಕರೆ ಅವಳು ಏನು ಹೇಳುತ್ತಿದ್ದಾಳೆ ಅಂತ ಊಹಿಸುವುದು ಅರ್ಧ ಹಗುರವಾಗುತ್ತದೆ. ಮಾತು ಬಾರದ ಮಕ್ಕಳಿಗೆ ಅಕ್ಷರ ಯಾಕೆ ಅಂತ ಕೆಲವರು ಬಿಟ್ಟೇಬಿಡುತ್ತಾರೆ. ಅವರಿಗೇ ಅಕ್ಷರ ಎಲ್ಲರಿಗಿಂತ ಮೊದಲು ಬೇಕು, ಯಾಕೆಂದರೆ ಬೋರ್ಡಿನಲ್ಲಿ ನಾವು ಹಾಕದ ಮಾತನ್ನು ಹೇಳಲು ಅವರಿಗಿರುವ ದಾರಿ ಅದೊಂದೇ.

ನಿಮ್ಮ ಬಿಆರ್‌ಸಿಯಲ್ಲಿ (ಬ್ಲಾಕ್ ಸಂಪನ್ಮೂಲ ಕೇಂದ್ರ) ವಿಶೇಷ ಅಗತ್ಯವುಳ್ಳ ಮಕ್ಕಳಿಗಾಗಿಯೇ ಇರುವ ಬಿಐಇಆರ್‌ಟಿ ಶಿಕ್ಷಕರನ್ನು ಕರೆಸಿ. ಅವಳು ಕೂರುವ ರೀತಿಯನ್ನೂ ನೋಡಲು ಹೇಳಿ. ಬೆನ್ನಿಗೆ, ಕಾಲಿಗೆ ಆಸರೆ ಇಲ್ಲದಿದ್ದರೆ ಮಗುವಿನ ಶಕ್ತಿಯೆಲ್ಲ ಬೀಳದೆ ಕೂರುವುದಕ್ಕೇ ಹೋಗುತ್ತದೆ, ಬೋರ್ಡಿಗೆ ಏನು ಉಳಿಯಬೇಕು. ಬೋರ್ಡು ಬ್ಯಾಗಿನಲ್ಲಿ ಬೇಡ, ಡೆಸ್ಕ್ ಮೇಲಿರಲಿ, ಬಿಸಿಯೂಟಕ್ಕೆ ಹೋಗುವಾಗಲೂ ಜೊತೆಗೆ ಹೋಗಲಿ.

ಪ್ರಶ್ನೆ: ಮಗನಿಗೆ ಐದು ವರ್ಷ, ಆಟಿಸಂ ಇದೆ. ಥೆರಪಿಸ್ಟ್ ಟ್ಯಾಬ್‌ನಲ್ಲಿ ಮಾತಾಡಿಸುವ ಆ್ಯಪ್ ಶುರು ಮಾಡಿ ಅಂದರು. ನಮ್ಮತ್ತೆ, 'ಯಂತ್ರ ಕೊಟ್ಟರೆ ಅವನು ಬಾಯಿ ಬಿಡೋದೇ ಇಲ್ಲ, ನಮ್ಮ ಮನೆ ಗಂಡಸರೆಲ್ಲ ತಡವಾಗೇ ಮಾತಾಡಿದ್ದು' ಅನ್ನುತ್ತಾರೆ. ಅಂಗನವಾಡಿ ಟೀಚರ್ ಕೂಡ ಅದನ್ನೇ ಹೇಳಿದರು. ಕಾಯಬೇಕಾ?
— ಒಬ್ಬ ತಾಯಿ, ಶಿವಮೊಗ್ಗ

ಉತ್ತರ: ಕಾಯಬೇಡಿ. ಅತ್ತೆಯವರ ಹೆದರಿಕೆ ನನಗೆ ಅರ್ಥವಾಗುತ್ತದೆ, ಇದನ್ನು ಎಲ್ಲ ದೇಶದ ಅಜ್ಜಿಯರೂ ಕೇಳಿದ್ದಾರೆ, ಅದಕ್ಕೇ ಸಂಶೋಧಕರೂ ಹುಡುಕಿ ನೋಡಿದ್ದಾರೆ. 2006ರಲ್ಲಿ ಮಿಲ್ಲರ್, ಲೈಟ್ ಮತ್ತು ಶ್ಲಾಸರ್ ಎಂಬ ಮೂವರು ಹಳೆಯ ಅಧ್ಯಯನಗಳನ್ನೆಲ್ಲ ಜಾಲಾಡಿ, ಗಟ್ಟಿ ಸಾಕ್ಷ್ಯ ಇದ್ದ 27 ಜನರ ವಿವರವನ್ನಷ್ಟೇ ಇಟ್ಟುಕೊಂಡು ನೋಡಿದರು. ಎಎಸಿ ಶುರುವಾದ ಮೇಲೆ ಅವರಲ್ಲಿ ಶೇ. 89 ಜನರ ಬಾಯಿಮಾತು ಸ್ವಲ್ಪವಾದರೂ ಹೆಚ್ಚಿತ್ತು, ಉಳಿದವರದು ಇದ್ದಂತೆಯೇ ಇತ್ತು. ಕಡಿಮೆಯಾದವರು ಒಬ್ಬರೂ ಇಲ್ಲ. ಹೆಚ್ಚಿದ್ದು ಬಹಳವೇನಲ್ಲ, ಹಾಗಾಗಿ ಟ್ಯಾಬ್ ಕೊಟ್ಟರೆ ಮಾತು ಬಂದೇ ಬರುತ್ತದೆ ಅಂತ ಯಾರಾದರೂ ಹೇಳಿದರೆ ಅದನ್ನೂ ನಂಬಬೇಡಿ. ಬಾಯಲ್ಲಿ ಹೇಳಲು ಬಂದದ್ದನ್ನು ಮಕ್ಕಳು ಬಾಯಲ್ಲೇ ಹೇಳುತ್ತಾರೆ, ಅದು ಬೇಗ ಆಗುತ್ತದಲ್ಲ. ಅಲ್ಲಿಯವರೆಗೆ ಹೇಳಲಾಗದೆ ಕಿರುಚುವುದು, ಕಚ್ಚುವುದು ಯಾಕೆ ನಡೆಯಬೇಕು?

ಅತ್ತೆಯವರನ್ನು ವಾದದಲ್ಲಿ ಗೆಲ್ಲಲು ಹೋಗಬೇಡಿ. ಅವರ ಫೋಟೊ ಹಾಕಿ 'ಅಜ್ಜಿ' ಅಂತ ಒಂದು ಚೌಕ ಮಾಡಿ, ಪಕ್ಕದಲ್ಲೇ 'ಬಾ' ಇರಲಿ.

ಪ್ರಶ್ನೆ: ಮಗಳು ಖಾಸಗಿ ಶಾಲೆಯಲ್ಲಿ ಐದನೇ ಕ್ಲಾಸು. ಅವಳು ಮಾತಾಡುವುದೇ ಟ್ಯಾಬ್‌ನಲ್ಲಿ. 'ಎಲೆಕ್ಟ್ರಾನಿಕ್ ವಸ್ತು ಬಿಡುವುದಿಲ್ಲ, ರೂಲ್ಸ್' ಅಂತ ಶಾಲೆಯವರು ಆಫೀಸಿನಲ್ಲಿ ಇಟ್ಟುಕೊಳ್ಳುತ್ತಾರೆ. ಸಂಜೆ ವಾಪಸ್ ಕೊಡುತ್ತಾರೆ.
— ಒಬ್ಬ ತಂದೆ, ಬೆಂಗಳೂರು

ಉತ್ತರ: ಅಂದರೆ ಬೆಳಗ್ಗೆಯಿಂದ ಸಂಜೆವರೆಗೆ ಮಗುವಿನ ಬಾಯಿ ಕಟ್ಟಿಹಾಕುತ್ತಾರೆ. ಬಾಯಿಮಾತಲ್ಲಿ ಕೇಳಿದ್ದು ಸಾಕು, ಇನ್ನು ಬರವಣಿಗೆಯಲ್ಲಿ ಕೊಡಿ. 2016ರ ವಿಕಲಚೇತನ ವ್ಯಕ್ತಿಗಳ ಹಕ್ಕುಗಳ ಕಾಯ್ದೆ ಸಂವಹನ ಅಂದರೆ ಏನು ಅಂತ ವಿವರಿಸುವಾಗಲೇ ಇಂಥ ಪರ್ಯಾಯ ವಿಧಾನಗಳನ್ನು ಹೆಸರಿಸುತ್ತದೆ. ಸೆಕ್ಷನ್ 16 ಪ್ರಕಾರ ಮಗುವಿನ ಅಗತ್ಯಕ್ಕೆ ತಕ್ಕ ಹೊಂದಾಣಿಕೆ ಮಾಡಿಕೊಡಬೇಕಾದ್ದು ಅನುದಾನ ಪಡೆಯುವ ಶಾಲೆ ಮಾತ್ರವಲ್ಲ, ಸರ್ಕಾರದ ಮಾನ್ಯತೆ ಪಡೆದ ಶಾಲೆ ಕೂಡ. ಸೆಕ್ಷನ್ 17 ಎಎಸಿ ಬಳಕೆಗೆ ಪ್ರೋತ್ಸಾಹ ಕೊಡಬೇಕು ಅಂತಲೇ ಹೇಳುತ್ತದೆ. ಈ ಮೂರನ್ನೂ ಅರ್ಜಿಯಲ್ಲಿ ಬರೆಯಿರಿ, ಥೆರಪಿಸ್ಟ್ ಪತ್ರ ಮತ್ತು ಯುಡಿಐಡಿ ಕಾರ್ಡಿನ (ವಿಕಲಚೇತನರಿಗೆ ಸರ್ಕಾರ ಕೊಡುವ ಗುರುತಿನ ಚೀಟಿ) ಪ್ರತಿ ಲಗತ್ತಿಸಿ, ಸ್ವೀಕೃತಿ ಸಹಿ ಪಡೆಯಿರಿ. ಆಗಲೂ ಬಗ್ಗದಿದ್ದರೆ ಬಿಇಒ, ಆಮೇಲೆ ವಿಕಲಚೇತನರ ರಾಜ್ಯ ಆಯುಕ್ತರ ಕಚೇರಿ. ಹೆಚ್ಚಿನ ಸಲ ಅಷ್ಟು ದೂರ ಹೋಗಬೇಕಾಗುವುದಿಲ್ಲ.

ಶಾಲೆಯವರ ಭಯಕ್ಕೂ ಒಂದು ದಾರಿ ಮಾಡಿಕೊಡಿ. ಐಪ್ಯಾಡ್‌ನಲ್ಲಿ ಗೈಡೆಡ್ ಆಕ್ಸೆಸ್, ಆಂಡ್ರಾಯ್ಡ್‌ನಲ್ಲಿ ಆ್ಯಪ್ ಪಿನ್ನಿಂಗ್ ಇದೆ, ಹಾಕಿದರೆ ಮಾತಿನ ಆ್ಯಪ್ ಬಿಟ್ಟು ಬೇರೇನೂ ತೆರೆಯುವುದಿಲ್ಲ. ಗೇಮ್, ಯೂಟ್ಯೂಬ್ ಎಲ್ಲ ಬೇರೆ ಸಾಧನದಲ್ಲಿರಲಿ. ಅದೇ ಪುಟಗಳನ್ನು ಕಾಗದದಲ್ಲಿ ಪ್ರಿಂಟ್ ತೆಗೆದು ಬ್ಯಾಗಿನಲ್ಲಿಡಿ. ಚಾರ್ಜ್ ಮುಗಿಯುವುದು, ಪಿಟಿ ಪಿರಿಯಡ್‌ನಲ್ಲಿ ಬಿಸಿಲಿಗೆ ಸ್ಕ್ರೀನ್ ಕಾಣದಿರುವುದು ಇದ್ದೇ ಇದೆ. ಒಂದು ಷರತ್ತನ್ನು ಮಾತ್ರ ಗಟ್ಟಿಯಾಗಿ ಹೇಳಿ. ಅವಳು ಗಲಾಟೆ ಮಾಡಿದಳು, ಒಂದೇ ಬಟನ್ ಹತ್ತು ಸಲ ಒತ್ತಿದಳು ಅಂತ ಶಿಕ್ಷೆಯಾಗಿ ಟ್ಯಾಬ್ ಕಸಿಯುವಂತಿಲ್ಲ. ಬಾಯಿಬಡುಕ ಮಕ್ಕಳಿಗೆ ಹೇಳುವ ಹಾಗೆ 'ಈಗ ಪಾಠ, ಆಮೇಲೆ ಹೇಳು' ಅಂದರಾಯಿತು.

ಇನ್ನೂ ಆ್ಯಪ್ ಕೊಂಡಿಲ್ಲದವರಿಗೆ: ಚೆನ್ನೈನಲ್ಲಿ ತಯಾರಾದ ಆವಾಜ್, ಐಐಟಿ ಬಾಂಬೆಯವರ ಜೆಲ್ಲೋ ಎರಡೂ ಭಾರತೀಯ ಭಾಷೆಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದವು. ಮಗುವಿಗೆ ಯಾವುದು ಹೊಂದುತ್ತದೆ ಅಂತ ಯಾರಾದರೂ ತಿಳಿದವರು ನೋಡಿ ಹೇಳಿದರೆ ಒಳ್ಳೆಯದು. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಇದಕ್ಕೆಂದೇ ಎಎಸಿ ಘಟಕ ಇದೆ.

ಪ್ರಶ್ನೆ: ತಂಗಿಯ ಮಗ ಮಾತಾಡುವುದಿಲ್ಲ. ಹೊಸದಾಗಿ ಬಂದ ಟೀಚರ್ ಅವನ ಮುಂಗೈ ಹಿಡಿದು ಕೀಬೋರ್ಡಿನಲ್ಲಿ ಟೈಪ್ ಮಾಡಿಸುತ್ತಾರೆ. ಅವನು ಇಂಗ್ಲಿಷಿನಲ್ಲಿ ಕವನ ಬರೆಯುತ್ತಿದ್ದಾನೆ! ಮನೆಯವರೆಲ್ಲ ಖುಷಿಯಲ್ಲಿದ್ದಾರೆ, ನನಗೆ ಮಾತ್ರ ಏನೋ ಅನುಮಾನ.
— ಹುಬ್ಬಳ್ಳಿಯ ಓದುಗರು

ಉತ್ತರ: ಅನುಮಾನ ಸರಿಯಾಗಿದೆ. ಕೈ ಹಿಡಿದು ಟೈಪ್ ಮಾಡಿಸುವ ಈ ವಿಧಾನವನ್ನು 1990ರ ದಶಕದಲ್ಲೇ ಪರೀಕ್ಷಿಸಿದ್ದಾರೆ. ಮಗುವಿಗೆ ಒಂದು ಚಿತ್ರ, ಕೈ ಹಿಡಿದವರಿಗೆ ಬೇರೆ ಚಿತ್ರ ತೋರಿಸಿದರು. ಟೈಪ್ ಆಗಿ ಬಂದದ್ದು ಕೈ ಹಿಡಿದವರು ನೋಡಿದ ಚಿತ್ರ. ಅವರು ಬೇಕಂತ ಮೋಸ ಮಾಡುತ್ತಿರಲಿಲ್ಲ, ತಾವೇ ನಡೆಸುತ್ತಿದ್ದೇವೆ ಅನ್ನುವುದು ಅವರಿಗೇ ಗೊತ್ತಿರಲಿಲ್ಲ. ಅಮೆರಿಕದ ಸ್ಪೀಚ್ ಥೆರಪಿಸ್ಟ್‌ಗಳ ಸಂಘ 2018ರಲ್ಲಿ ಇದನ್ನು ಬಳಸಲೇಬಾರದು ಅಂತ ಸ್ಪಷ್ಟವಾಗಿ ಹೇಳಿದೆ. ತಂಗಿಗೆ ಮೆಲ್ಲಗೆ ಹೇಳಿ, ಆದರೆ ಹೇಳದೆ ಬಿಡಬೇಡಿ. ಆ ಹುಡುಗನಿಗೆ ತನ್ನದೇ ಬೆರಳಿನಲ್ಲೋ ಕಣ್ಣಿನಲ್ಲೋ ಆರಿಸಲು ಆಗುವ ದಾರಿ ಹುಡುಕಬೇಕು. ಆಗ ಬರುವುದು 'ಬೇಡ' ಅನ್ನುವ ಒಂದೇ ಮಾತಾಗಿರಬಹುದು, ಆದರೆ ಅದು ಅವನದೇ.

ಪ್ರಶ್ನೆ: ನಾನು ಏಳನೇ ಕ್ಲಾಸು. ನನ್ನ ಫ್ರೆಂಡು ಬೋರ್ಡ್ ತೋರಿಸಿ ಮಾತಾಡುತ್ತಾನೆ. ತುಂಬ ನಿಧಾನ. ಅವನು ಮುಗಿಸುವ ಮೊದಲೇ ನಾವು ಹೇಳಿಬಿಡುತ್ತೇವೆ. ಅದು ತಪ್ಪು ಅಂತ ಮಿಸ್ ಬೈತಾರೆ.
— ವಿದ್ಯಾರ್ಥಿ, ಪುತ್ತೂರು

ಉತ್ತರ: ಮಿಸ್ಸನ್ನೂ ನನ್ನನ್ನೂ ಬಿಟ್ಟು ಅವನನ್ನೇ ಕೇಳು. ಕೆಲವರಿಗೆ ಗೆಳೆಯರು ಊಹಿಸಿ ಹೇಳಿದರೆ ಇಷ್ಟ, ಬೇಗ ಮುಗಿಯುತ್ತದೆ. ಕೆಲವರಿಗೆ ಮೈಯೆಲ್ಲ ಉರಿಯುತ್ತದೆ. ಅವನು ಊಹಿಸಿ ಅಂದರೂ, ನೀವು ಹೇಳಿದ್ದು ತಪ್ಪಾದರೆ ತಡೆಯಲು ಅವನ ಬೋರ್ಡಿನಲ್ಲಿ 'ಅದಲ್ಲ' ಅನ್ನುವ ಚೌಕ ಇದೆಯಾ ನೋಡು. ಮತ್ತೆ ಇನ್ನೊಂದು. ಅವನ ಬೋರ್ಡು ಮಾಡಿದವರು ದೊಡ್ಡವರು ತಾನೇ? ಅದರಲ್ಲಿ 'ಧನ್ಯವಾದ', 'ದಯವಿಟ್ಟು' ಎಲ್ಲ ಇರುತ್ತದೆ, ಆಟಕ್ಕೆ ಬೇಕಾದ್ದು ಒಂದೂ ಇರುವುದಿಲ್ಲ. ನೀವಿಬ್ಬರೂ ಕೂತು ಒಂದು ಹಾಳೆ ಮಾಡಿ. 'ಔಟ್', 'ನೋಬಾಲ್', 'ನನ್ನ ಸರದಿ', 'ಮೋಸ', 'ಸುಮ್ನಿರೋ', ನಿಮ್ಮ ಕ್ಲಾಸಿನಲ್ಲಿ ಒಬ್ಬರಿಗೊಬ್ಬರು ಇಟ್ಟ ಅಡ್ಡಹೆಸರುಗಳು. ಯಾವುದು ಬೇಕು ಅಂತ ಅವನೇ ಆರಿಸಲಿ. ಬೈಗುಳ ಹಾಕಬಹುದಾ ಅಂತ ಮಾತ್ರ ನನ್ನನ್ನು ಕೇಳಬೇಡ, ಸಂಪಾದಕರು ಉತ್ತರ ಅಚ್ಚು ಮಾಡುವುದಿಲ್ಲ.