ವೇಳಾಪಟ್ಟಿ ಹಾಕುವುದಕ್ಕೂ ಸಂಶೋಧನೆ ಬೇಕೇ?

ಹಾಸನದ ನಿವೃತ್ತ ಪ್ರಾಧ್ಯಾಪಕರೊಬ್ಬರ ಪತ್ರ: "ಕಂಪ್ಯೂಟರಿನಲ್ಲಿ ಪರೀಕ್ಷೆಯ ವೇಳಾಪಟ್ಟಿ ಹಾಕುವ ಬಗ್ಗೆ ಸಂಶೋಧನೆ ನಡೆಯುತ್ತಿದೆ ಎಂದು ಕಳೆದ ಸಂಚಿಕೆಯಲ್ಲಿ ಓದಿದೆ. ನಾನು ವರ್ಷಗಟ್ಟಲೆ ಪೆನ್ಸಿಲ್, ರಬ್ಬರ್ ಹಿಡಿದು ಇದೇ ಕೆಲಸ ಮಾಡಿದವನು. ಇದರಲ್ಲಿ ಪಿಎಚ್.ಡಿ. ಮಾಡುವಂಥದ್ದು ಏನಿದೆ? ಒಂದೇ ದಿನ ಎರಡು ಪೇಪರ್ ಬಿದ್ದ ಹುಡುಗನ ಕಷ್ಟ ಯಂತ್ರಕ್ಕೆ ಗೊತ್ತಾಗುತ್ತದೆಯೇ?"

ನಮಸ್ಕಾರ ಸರ್. ನಿಮ್ಮ ಎರಡನೇ ಪ್ರಶ್ನೆಯನ್ನೇ ಮೊದಲು ತೆಗೆದುಕೊಳ್ಳುತ್ತೇನೆ. ಯಂತ್ರಕ್ಕೆ ತಾನಾಗಿ ಏನೂ ಗೊತ್ತಾಗುವುದಿಲ್ಲ. ಆ ಹುಡುಗನ ಕಷ್ಟವನ್ನು ಯಾರಾದರೂ ಅಂಕಿಯಲ್ಲಿ ಬರೆದುಕೊಡಬೇಕು.

1996ರಲ್ಲಿ ಕೆನಡಾದ ಮೈಕೆಲ್ ಕಾರ್ಟರ್ ಮತ್ತು ಜೊತೆಗಾರರು ಹಾಗೆ ಬರೆದುಕೊಟ್ಟರು. ಬೇರೆ ಬೇರೆ ವಿದ್ಯಾಸಂಸ್ಥೆಗಳ 13 ನಿಜವಾದ ಪರೀಕ್ಷಾ ದಾಖಲೆಗಳನ್ನು ಎಲ್ಲರ ಮುಂದಿಟ್ಟರು. ಒಬ್ಬ ವಿದ್ಯಾರ್ಥಿಗೆ ಬೆನ್ನುಬೆನ್ನಿಗೆ ಎರಡು ಪರೀಕ್ಷೆ ಬಂದರೆ ಆ ವೇಳಾಪಟ್ಟಿಗೆ 16 ದಂಡ. ನಡುವೆ ಒಂದು ಅವಧಿ ಬಿಡುವಿದ್ದರೆ 8. ಬಿಡುವು ಜಾಸ್ತಿಯಾದಂತೆ 4, 2, 1. ಎಲ್ಲರ ದಂಡವನ್ನೂ ಕೂಡಿಸಿ, ವಿದ್ಯಾರ್ಥಿಗಳ ಸಂಖ್ಯೆಯಿಂದ ಭಾಗಿಸಬೇಕು. ಉತ್ತರ ಎಷ್ಟು ಕಡಿಮೆಯೋ ವೇಳಾಪಟ್ಟಿ ಅಷ್ಟು ಒಳ್ಳೆಯದು.

ಹಾಗಾದರೆ ಎಲ್ಲ ಸಾಧ್ಯತೆಗಳನ್ನೂ ಲೆಕ್ಕ ಹಾಕಿ ಅತಿ ಕಡಿಮೆ ದಂಡದ್ದನ್ನು ಆರಿಸಬಹುದಲ್ವಾ? ಆಗುವುದಿಲ್ಲ. 100 ಪರೀಕ್ಷೆಗಳನ್ನು 20 ಅವಧಿಗಳಿಗೆ ಹಂಚುವ ಬಗೆಗಳ ಸಂಖ್ಯೆ ಬರೆಯಲು 131 ಅಂಕಿ ಬೇಕು. ಯಾವ ಕಂಪ್ಯೂಟರೂ ಅದನ್ನು ಮುಗಿಸದು. ಒಬ್ಬರೇ ವಿದ್ಯಾರ್ಥಿ ಬರೆಯಬೇಕಾದ ಎರಡು ಪೇಪರನ್ನು ಒಂದೇ ಅವಧಿಗೆ ಹಾಕುವಂತಿಲ್ಲ; ಇಂಥ ಘರ್ಷಣೆ ಹೆಚ್ಚು ಇರುವ ಪೇಪರನ್ನು ಮೊದಲು ಕೂರಿಸುವ ದಾರಿಯನ್ನು ವೆಲ್ಷ್ ಮತ್ತು ಪೊವೆಲ್ 1967ರಲ್ಲೇ ತೋರಿಸಿದರು. ಎಲ್ಲರೂ ಬರೆಯುವ ಭಾಷಾ ಪೇಪರನ್ನು ನೀವೂ ಮೊದಲೇ ಕೂರಿಸಿರುತ್ತೀರಿ. ಆಮೇಲೆ ಪೇಪರುಗಳನ್ನು ಅತ್ತಿತ್ತ ಸರಿಸುತ್ತ ಹೋಗಬೇಕು. ಒಳ್ಳೆಯ ಬದಲಾವಣೆಯನ್ನಷ್ಟೇ ಒಪ್ಪಿದರೆ ಬೇಗ ದಾರಿ ಮುಚ್ಚುತ್ತದೆ. ಸದ್ಯಕ್ಕೆ ಕೆಟ್ಟದ್ದನ್ನೂ ಒಪ್ಪಿ ಮುಂದೆ ಹೋಗಬೇಕು. ಎಷ್ಟು ಕೆಟ್ಟದ್ದು, ಎಲ್ಲಿಯವರೆಗೆ? ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್ ವಿಶ್ವವಿದ್ಯಾಲಯದ ಎಡ್ಮಂಡ್ ಬರ್ಕ್, ಯೂರಿ ಬೈಕೊವ್ ಮುಂತಾದವರು ಕೆಲಸ ಮಾಡಿದ್ದು ಇದರ ಮೇಲೆ. ಒಪ್ಪುವ ಮಿತಿಯನ್ನು ನಿಧಾನವಾಗಿ ಬಿಗಿ ಮಾಡುವ ವಿಧಾನವೊಂದನ್ನು ಅವರು 2004ರಲ್ಲಿ ಪರೀಕ್ಷಾ ಪಟ್ಟಿಗೆ ಹೊಂದಿಸಿದರು. ಈ ವಿಧಾನದಲ್ಲಿ ಕಂಪ್ಯೂಟರಿಗೆ ಎಷ್ಟು ಹೊತ್ತು ಕೊಡಬೇಕು ಎಂಬುದನ್ನು ಬಳಸುವವರೇ ಮೊದಲೇ ಹೇಳಬಹುದು.

ಆದರೆ ನನಗೆ ಇದಕ್ಕಿಂತ ಮುಖ್ಯ ಅನಿಸುವುದು ಆ ದಂಡದ ಲೆಕ್ಕ. ಕಾರ್ಟರ್ ಅವರ 16ಕ್ಕೆ ರಾತ್ರಿ ಎಂಬುದೇ ಇಲ್ಲ. ಬೆಳಿಗ್ಗೆ ಮತ್ತು ಮಧ್ಯಾಹ್ನ ಬರೆದರೂ 16, ಸಂಜೆ ಬರೆದು ಮನೆಗೆ ಹೋಗಿ ಮಲಗಿ ಮರುದಿನ ಬೆಳಿಗ್ಗೆ ಬರೆದರೂ 16. ಆ ದಾಖಲೆಗಳ ಮೇಲೆ ನಡೆದ ಎಷ್ಟೋ ಸಂಶೋಧನೆಯಲ್ಲಿ ಕೊಠಡಿಯ ಲೆಕ್ಕವೂ ಇರಲಿಲ್ಲ. 2007ರ ಅಂತರರಾಷ್ಟ್ರೀಯ ವೇಳಾಪಟ್ಟಿ ಸ್ಪರ್ಧೆ ಇದನ್ನು ತಿದ್ದಿತು. ಅದರಲ್ಲಿ ಕೊಠಡಿಗಳು ಬಂದವು. ಎರಡು ಗಂಟೆಯ ಪೇಪರ್, ಮೂರು ಗಂಟೆಯ ಪೇಪರ್ ಒಂದೇ ಕೊಠಡಿಯಲ್ಲಿದ್ದರೆ ದಂಡ. ತುಂಬಾ ಜನ ಬರೆಯುವ ಪೇಪರ್ ಕೊನೆಗೆ ಬಿದ್ದರೂ ದಂಡ, ಏಕೆಂದರೆ ಮೌಲ್ಯಮಾಪನಕ್ಕೆ ಸಮಯ ಬೇಕು. ಪರೀಕ್ಷಾ ವಿಭಾಗದಲ್ಲಿ ಕೂತವರನ್ನು ಕೇಳದೆ ಇಂಥ ನಿಯಮ ಹೊಳೆಯುವುದಿಲ್ಲ.

ಸರಾಸರಿಯಲ್ಲೂ ಒಂದು ಅನ್ಯಾಯವಿದೆ. ಸಾವಿರ ಮಕ್ಕಳಲ್ಲಿ ಹತ್ತು ಮಂದಿಗೆ ಮಾತ್ರ ಸತತವಾಗಿ ಮೂರು ಪೇಪರ್ ಬಿದ್ದರೂ ಸರಾಸರಿ ಚೆನ್ನಾಗಿಯೇ ಕಾಣುತ್ತದೆ. ಆ ಹತ್ತು ಮಂದಿ ಲೆಕ್ಕದೊಳಗೆ ಕಳೆದುಹೋಗುತ್ತಾರೆ. ನಾಟಿಂಗ್‌ಹ್ಯಾಮ್ ಮತ್ತು ಬೆಲ್‌ಫಾಸ್ಟ್ ಸಂಶೋಧಕರು ವಿದ್ಯಾರ್ಥಿಗಳನ್ನೇ ಕೇಳಿ, ಕಷ್ಟವನ್ನು ಸಮನಾಗಿ ಹಂಚುವ ಬಗ್ಗೆ 2017ರಲ್ಲಿ ಬರೆದರು. ನಿಮ್ಮ ಪ್ರಶ್ನೆಯೂ ಇದೇ ಅಲ್ವಾ ಸರ್? ನನ್ನ ಮಟ್ಟಿಗೆ ಇದು ಖಂಡಿತ ಪಿಎಚ್.ಡಿ.ಗೆ ತಕ್ಕ ವಿಷಯ.

ನಿಮ್ಮಲ್ಲಿ ಒಂದು ಕೇಳಿಕೆ. ಯಾವ ಸುತ್ತೋಲೆಯಲ್ಲೂ ಇಲ್ಲದೆ ನೀವು ಪಾಲಿಸುತ್ತಿದ್ದ ನಿಯಮಗಳನ್ನು ಬರೆದು ಕಳಿಸಿ. ದೂರದ ಹಳ್ಳಿಯಿಂದ ಬಸ್ಸಿನಲ್ಲಿ ಬರುವವರಿಗಾಗಿ ಏನು ಮಾಡುತ್ತಿದ್ದಿರಿ? ಬ್ಯಾಕ್‌ಲಾಗ್ ಇದ್ದವರ ಪೇಪರನ್ನು ಎಲ್ಲಿ ಹಾಕುತ್ತಿದ್ದಿರಿ? ಅದನ್ನು ಪೂರ್ತಿ ಪ್ರಕಟಿಸುತ್ತೇವೆ. ಇಂಥ ಪ್ರೋಗ್ರಾಂ ಬರೆಯುವ ನಮ್ಮ ಹುಡುಗ ಹುಡುಗಿಯರಿಗೆ ಅದು ಬೇಕು.

— ಸಂಪಾದಕ